ಸುಶೀಲವ್ವ ಬಾಜಾರದ ದಿನ ರೌಟರ್ ಕೂಡಿಸಿದ್ದು

ಬ್ಯಾಡಗಿಯ ಮೆಣಸಿನಕಾಯಿ ಬಾಜಾರದಲ್ಲಿ ಖರೀದಿ ಅಂಗಡಿಗೆ ಹೆಂಗಸು ಬಂದು ಕೂತದ್ದು ಮಂದಿಯ ಕಣ್ಣಿಗೆ ಒಗ್ಗಲಿಲ್ಲ. ಗಂಡ ಶಂಭುಲಿಂಗ ತೀರಿಕೊಂಡ ಮೇಲೆ ಸುಶೀಲವ್ವ ತಾನೇ ಬೀಗ ತೆಗೆದು ಒಳಗೆ ಹೋದಳು. ಕಾಯಿಯ ಬಣ್ಣ ಎಂಥದು, ಹಸಿ ಎಷ್ಟಿದೆ ಎಂಬುದನ್ನು ಮುಷ್ಟಿಯಲ್ಲಿ ಹಿಡಿದು ಹೇಳುವುದನ್ನು ಗಂಡನ ಪಕ್ಕದಲ್ಲಿ ಕೂತು ಕೂತು ಕಲಿತವಳು ಆಕೆ. ಆದರೂ ಆ ಅಂಗಡಿಯ ಕೈಯಿಂದ ಬಾಜಾರದ ಮಾಲು ಖರೀದಿ ಮಾಡಿಸುತ್ತಿದ್ದ ಹೊರಊರಿನ ವ್ಯಾಪಾರಿಗಳು ಒಬ್ಬೊಬ್ಬರೇ ಬಿಟ್ಟರು. ಉಳಿದವರು ಹುಬ್ಬಳ್ಳಿಯ ಮಸಾಲೆ ವ್ಯಾಪಾರಿ ಯೂಸುಫಸಾಬರು ಒಬ್ಬರೇ.

ಮೈದುನ ವಿಜಯಮಹಾಂತೇಶನದು ಬಂದಾಗಲೆಲ್ಲ ಒಂದೇ ಮಾತು.

“ವೈನಿ, ಅಣ್ಣನ ಹೆಸರು ಚಲೋ ಇದ್ದಾಗನ ಬಾಗಲಾ ಹಾಕೂಣು. ಯೂಸುಫಸಾಬ್ರೂ ಬಿಟ್ಟ ದಿನ ನಾನ ಬಂದು ಬೀಗಾ ಹಾಕ್ತೀನಿ ನೋಡ್ರಿ.”

“ಬಿಟ್ಟಾಗ ಹಾಕಂತಿ, ಈಗ ಚಾ ಕುಡಿ,” ಎನ್ನುತ್ತಿದ್ದಳು ಆಕೆ.

ಈಗ ದರ ಹಾಕುವುದು ಕಂಪ್ಯೂಟರಿನಲ್ಲಿ. ಮುಂಜಾನೆ ರಾಶಿಗಳ ನಡುವೆ ತಿರುಗಾಡಿ ಕಾಯಿ ನೋಡಬೇಕು. ಮಧ್ಯಾಹ್ನ ಟೆಂಡರ್ ಮುಚ್ಚುವುದರೊಳಗೆ ಒಂದೊಂದು ಲಾಟಿಗೂ, ಅಂದರೆ ನಂಬರು ಹಚ್ಚಿದ ರಾಶಿಗೂ, ದರ ಬರೆದು ಕಳಿಸಬೇಕು; ಹೆಚ್ಚು ದರ ಹಾಕಿದವರಿಗೆ ಮಾಲು. ಮೊಬೈಲಿನ ಸಣ್ಣ ಅಂಕಿ ಸುಶೀಲವ್ವನ ಕಣ್ಣಿಗೆ ಹಿಡಿಯದು. ಗಂಡನ ಹಳೆಯ ಡೆಸ್ಕ್‌ಟಾಪೇ ಗತಿ. ಗಟಾರ ಅಗೆಯುವವರು ಟೆಲಿಫೋನಿನ ತಂತಿ ಕಿತ್ತುಹಾಕಿದ್ದರಿಂದ ಅದಕ್ಕೆ ಇಂಟರ್‌ನೆಟ್ ತಪ್ಪಿಹೋಗಿತ್ತು.

ರಾಣೆಬೆನ್ನೂರಿನ ಮಲಂಗಸಾಬ ಕಂಪ್ಯೂಟರ್ ರಿಪೇರಿಯವನು. ಗುರುವಾರ ಬರುತ್ತೇನೆ ಎಂದ. ಸುಶೀಲವ್ವ ಒಪ್ಪಲಿಲ್ಲ. ಸೋಮವಾರ, ಗುರುವಾರ ಬಾಜಾರ. ಬಾಜಾರದ ದಿನ ಅಂಗಡಿಯಲ್ಲಿ ಹೊರಗಿನವರ ಕೈ ಆಡಬಾರದು, ಒಂದು ಮೊಳೆಯನ್ನೂ ಹೊಡೆಯಬಾರದು ಎಂಬುದು ಶಂಭುಲಿಂಗ ನಡೆಸಿಕೊಂಡು ಬಂದ ಪದ್ಧತಿ. ಹಾಗಾಗಿ ಬೀದಿಯೆಲ್ಲ ಖಾಲಿ ಹೊಡೆಯುವ ಬುಧವಾರವೇ ಅವನು ಬಂದು, ಮೂರು ಸಾಮಾನು ತೆಗೆದು ಮೇಜಿನ ಮೇಲಿಟ್ಟ.

“ಇದು ಸಿಮ್ ಹಾಕಿ ಕಂಪ್ಯೂಟರಿಗೆ ಚುಚ್ಚೂ ಡಾಂಗಲ್. ಇದು ಕಿಸೇದಾಗ ಇಟಗೊಳ್ಳೂದು, ವೈಫೈ ಬೇಕು; ನಿಮ್ಮ ಈ ಮುದುಕ ಕಂಪ್ಯೂಟರಿಗೆ ವೈಫೈ ಇಲ್ಲ. ಈ ದೊಡ್ಡದು ರೌಟರ್ರೀ. ಯಾವ ಸಿಮ್ ಬೇಕಾದ್ರೂ ಹಾಕ್ರಿ, ವಾಯರ್ ಸೀದಾ ಕಂಪ್ಯೂಟರಿಗೆ. ಬೇಕಂದ್ರ ಮಾಳಗಿ ಮ್ಯಾಲ ಆಂಟೆನಾ ಏರಸಬಹುದು.”

ಬಾಜಾರದವರೆಲ್ಲ ಇಟ್ಟುಕೊಂಡಿದ್ದ ಕಂಪನಿಯ ಸಿಮ್ಮನ್ನೇ ಹಾಕಿ ಡಾಂಗಲ್ ಚುಚ್ಚಿ ನೋಡಿದರು. ಮುಟ್ಟಿದ ಪುಟ ಮುಟ್ಟಿದ ಹಾಗೆ ತೆರೆಯಿತು.

“ಇಷ್ಟು ಚಲೋ ನಡಿಯಾಕತ್ತೈತಿ. ದೊಡ್ಡದು ಯಾಕ ಬೇಕ್ರಿ?” ಎಂದಳು ಸುಶೀಲವ್ವ. ಅವನಿಗೂ ಅದು ಖರೇ ಅನ್ನಿಸಿತು.

ಮರುದಿನ ಬೀದಿ ತುಂಬ ಲಾರಿ, ಚೀಲ, ಮಂದಿ. ಅಷ್ಟೂ ಮಂದಿಯ ಕಿಸೆಯಲ್ಲಿ ಫೋನು. ಸಿಗ್ನಲ್ಲಿನ ಕಡ್ಡಿಗಳೇನೋ ಪೂರ್ತಿ ಇದ್ದವು. ಆದರೆ ಪರದೆಯ ಮೇಲೆ ಗಾಲಿ ಸುತ್ತುತ್ತಲೇ ಇತ್ತು. ಸುಶೀಲವ್ವ ಕಿತ್ತು ಚುಚ್ಚಿದಳು, ಆರಿಸಿ ಹಚ್ಚಿದಳು. ಟೆಂಡರ್ ಮುಚ್ಚಿತು. ಮುಂಜಾನೆ ಕೈಯಾರೆ ಹಿಡಿದು ನೋಡಿದ ಕೆಂಪು ರಾಶಿಗಳು ಕಣ್ಣೆದುರೇ ಬೇರೆಯವರ ಪಾಲಾದವು.

“ದರಾ ಕಮ್ಮಿ ಬಿತ್ತೇನವಾ?” ಯೂಸುಫಸಾಬರು ಫೋನಿನಲ್ಲಿ ಕೇಳಿದರು.

“ಇಲ್ರಿ. ದರಾನ ಹೋಗಲಿಲ್ಲ.”

“ಸೋಮವಾರ ಒಂದ ನೋಡ್ತೀನಿ ತಂಗಿ. ನಂದೂ ಗಿರಣಿ ನಡೀಬೇಕಲ್ಲ.”

ಆಕೆ ಹಿತ್ತಲ ಕಡೆ ಹೋದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಎಲ್ಲ ಕೇಳಿಸಿಕೊಂಡಿದ್ದ ಆಳು ಮೈಲವ್ವ ತಲೆ ಎತ್ತದೆಯೇ ನಕ್ಕಳು.

“ಬಾಜಾರದ ದಿನಾ ಫೋನು ಹತ್ತತೈತೇನ್ರಿ ಯವ್ವಾ? ಸಾವಿರ ಮಂದಿ ಉಣ್ಣಾಕ ಕುಂತಾರ, ಬಡಸಾಂವ ಒಬ್ಬ! ನಮ್ಮ ಮುಮ್ತಾಜಬಿದೊಂದು ಹತ್ತತೈತಿ ನೋಡ್ರಿ. ಯಾರೂ ಇಟಗೊಳ್ಳದ ಕಂಪನಿ ಸಿಮ್ಮು ಅಕೀದು. ಗಂಡನ ಜೋಡಿ ಫೋನಿನ್ಯಾಗ ಜಗಳಾ ಒಂದಿನಾನೂ ತಪ್ಪಿಲ್ಲ.”

“ನೀ ಕೇಳೂದು ಬಿಡ, ಕೈ ಆಡಸು,” ಎಂದಳು ಪಕ್ಕದಲ್ಲೇ ತೊಟ್ಟು ಬಿಡಿಸುತ್ತಿದ್ದ ಮುಮ್ತಾಜಬಿ.

ಸುಶೀಲವ್ವನಿಗೆ ನಗು ಬರಲಿಲ್ಲ. ಮಂದಿ ಇಲ್ಲದ ದಿನ ನೋಡಿ, ಮಂದಿ ತುಂಬಿದ ದಿನಕ್ಕೆ ಆರಿಸಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಇನ್ನು ನೋಡುವುದಾದರೆ ಬಾಜಾರದ ದಿನವೇ ನೋಡಬೇಕು. ಗಂಡನ ಪದ್ಧತಿ ನೆನಪಾದರೂ ಫೋನು ಎತ್ತಿಕೊಂಡಳು. ಪದ್ಧತಿ ಇಟ್ಟದ್ದು ಅಂಗಡಿಗಾಗಿ. ಅಂಗಡಿಯೇ ಹೋದರೆ ಪದ್ಧತಿಯನ್ನು ಎಲ್ಲಿ ಇಟ್ಟುಕೊಳ್ಳುವುದು?

“ಮಲಂಗಸಾಬ್ರ, ಸೋಮವಾರ ಬರ್ರಿ. ದೊಡ್ಡದು ತರ್ರಿ.”

ಸೋಮವಾರ ಅವನು ಮಾಳಿಗೆ ಏರಿ, ಮೆಣಸಿನ ಘಾಟಿಗೆ ಸೀನುತ್ತ ಸೀನುತ್ತ ಆಂಟೆನಾವನ್ನು ಕಾಗಿನೆಲೆ ರಸ್ತೆಯ ಟವರಿನ ಕಡೆ ತಿರುಗಿಸಿದ. ರೌಟರಿನಲ್ಲಿ ಮುಮ್ತಾಜಬಿ ಇಟ್ಟುಕೊಂಡ ಕಂಪನಿಯದೇ ಹೊಸ ಸಿಮ್ಮು. ಅಷ್ಟರಲ್ಲಿ ವಿಜಯಮಹಾಂತೇಶ ಬಂದು ಅಂಗಳದಲ್ಲೇ ನಿಂತುಬಿಟ್ಟ.

“ಬಾಜಾರದ ದಿನಾ ಮಾಳಗಿ ಮ್ಯಾಲ ಮಂದಿ! ಅಣ್ಣ ಇದ್ದಿದ್ರ ಹಿಂಗ ಆಗ್ತಿತ್ತೇನು?”

“ಅವರ ಕಾಲಕ್ಕ ತಂತಿ ಇತ್ತಪಾ. ನಿಂತು ಏನ್ ನೋಡ್ತಿ? ಬಾ, ಲಾಟಿನ ನಂಬರ ಓದು.”

ಅವನು ಗಂಟಲು ಸರಿಮಾಡಿಕೊಂಡು ಓದಿದ. ಆಕೆ ಒಂದೊಂದೇ ಅಂಕಿ ಒತ್ತಿದಳು. ಗಾಲಿ ಒಮ್ಮೆ ಸುತ್ತಿ ನಿಂತಿತು. ದರ ಹೋಯಿತು. ಮತ್ತೊಂದು. ಅದೂ ಹೋಯಿತು. ಹೊರಗೆ ಅದೇ ಗದ್ದಲ, ಕಿಸೆಗಳಲ್ಲಿ ಅವೇ ಫೋನು.

ಫಲಿತಾಂಶ ಬಂದಾಗ ಕೆಲವು ಲಾಟು ಸುಶೀಲವ್ವನಿಗೆ ಆಗಿದ್ದವು. ಆಕೆ ಬಹಳ ಮನಸ್ಸಿಟ್ಟ ರಾಶಿಯೊಂದು ಬೇರೆಯವರಿಗೆ ಹೋಗಿತ್ತು.

“ಹೋಗ್ಲಿ ಬಿಡವಾ, ನಮ್ಮ ದರಾ ಅಲ್ಲೀತನಕಾ ಮುಟ್ತಲ್ಲ,” ಎಂದರು ಫೋನಿನಲ್ಲಿ ಯೂಸುಫಸಾಬರು. “ಗುರುವಾರ ಎಂಥಾ ಮಾಲು ಬೇಕಂತ ಮುಂಜಾನೆ ಹೇಳ್ತೀನಿ.”

ವಿಜಯಮಹಾಂತೇಶ ಎದ್ದು ಚಪ್ಪಲಿ ಮೆಟ್ಟಿದವನು ಮತ್ತೆ ನಿಂತ.

“ಗುರುವಾರ ನಾನೂ ಬರ್ಲೇನ್ರಿ ವೈನಿ?”

“ಬಾರಪ್ಪ. ನಂಬರ ನೀ ಓದು. ದರಾ ನಾ ಹಾಕ್ತೀನಿ.”