ಹೆಸರಿನ ಮುಂದೊಂದು ಬಿ.ಎ.

ನಮ್ಮ ಕಡೆ ಮದುವೆ ಪತ್ರಿಕೆಯಲ್ಲಿ ಹೆಸರಿನಷ್ಟೇ ಮುಖ್ಯವಾದದ್ದು ಹೆಸರಿನ ಮುಂದೆ ಬರುವ ಡಿಗ್ರಿ. ಹುಡುಗ ಹುಡುಗಿಯದಿರಲಿ, ಸೋದರಮಾವನ ಡಿಗ್ರಿಯನ್ನೂ ಬಿಡದೆ ಅಚ್ಚು ಹಾಕಿಸುತ್ತಾರೆ. ಹೊಸೂರಿನ ಫೈರ್ ಸ್ಟೇಷನ್ನಿನಲ್ಲಿ ನಾವೆಲ್ಲ ಅಣ್ಣ ಎನ್ನುತ್ತಿದ್ದ ಹಿರಿಯರೊಬ್ಬರು ಐವತ್ತು ದಾಟಿದ ಮೇಲೆ ಮತ್ತೆ ಓದಲು ಕೂತದ್ದು ಈ ಒಂದೇ ಕಾರಣಕ್ಕೆ. ಮಗಳು ಎಂ.ಎಸ್ಸಿ. ಓದುತ್ತಿದ್ದಳು. ಬರುವ ಬೀಗರು ಹೇಗೂ ಓದಿದವರೇ ಆಗಿರುತ್ತಾರೆ. ಅವರ ನಡುವೆ ತನ್ನ ಹೆಸರು ಬೋಳಾಗಿ ನಿಲ್ಲಬಾರದು ಎಂಬುದು ಅವರ ಆಸೆ.

ಹಿಂದೆ ಕೃಷ್ಣಗಿರಿಯಲ್ಲಿ ಬಿ.ಎ. ಓದುವಾಗ ಈ ಕೆಲಸ ಸಿಕ್ಕಿತೆಂದು ನಡುವೆಯೇ ಬಿಟ್ಟಿದ್ದರು. ಈಗ ಅಂಚೆ ಮೂಲಕ ಓದುವ ಕೋರ್ಸಿಗೆ ಒಬ್ಬರೇ ಹೋಗಲು ನಾಚಿಕೆಯಾಗಿ ನನ್ನನ್ನೂ ಎಳೆದುಕೊಂಡು ಹೋದರು. ನಾನು ಪ್ಲಸ್ ಟು ಮುಗಿಸಿ ಓದಿಗೆ ಕೈಮುಗಿದಿದ್ದವನು. ಮನಸ್ಸಿನಲ್ಲೇ ಬೈದುಕೊಂಡು ಸಹಿ ಹಾಕಿದೆ.

ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಕೊರೊನಾ. ನಮ್ಮ ಬೆಂಕಿ ನಂದಿಸುವ ವಂಡಿಯಲ್ಲಿ ನೀರಿನ ಬದಲು ಬ್ಲೀಚಿಂಗ್ ನೀರು ತುಂಬಿಕೊಂಡು ಬಸ್ ಸ್ಟ್ಯಾಂಡು, ಸಂತೆ, ಆಸ್ಪತ್ರೆ ಬೀದಿ ಎಂದು ದಿನವಿಡೀ ಸಿಂಪಡಿಸಿದೆವು. ಕಣ್ಣು ಉರಿಯುತ್ತಿತ್ತು, ಖಾಕಿ ಅಲ್ಲಲ್ಲಿ ಬೆಳ್ಳಗಾಗಿತ್ತು. ಅಣ್ಣನಿಗೆ ಸಿಂಪಡಿಸುವುದು ಒಂದು ಚಟವೇ ಆಗಿಬಿಟ್ಟಿತು. ಕೈಯಲ್ಲೊಂದು ಸ್ಪ್ರೇ ಬಾಟಲಿ ಹಿಡಿದು ಹಾಲಿನ ಪ್ಯಾಕೆಟ್ಟು, ಪೇಪರು, ನನ್ನ ಊಟದ ಡಬ್ಬಿ, ಯಾವುದನ್ನೂ ಬಿಡುತ್ತಿರಲಿಲ್ಲ. ಮನೆಗೂ ಹೋಗದೆ ಸ್ಟೇಷನ್ನಿನಲ್ಲೇ ಇರುತ್ತಿದ್ದರು. ಆಲಸನತ್ತಂನ ಅವರ ಮನೆಯ ಗೇಟಿನಾಚೆ ನಿಂತು ಮಗಳ ಜೊತೆ ಮಾತಾಡಿ ಬರುವಾಗ ಅವರ ಮುಖ ನೋಡಲು ನನಗೆ ಕಷ್ಟವಾಗುತ್ತಿತ್ತು.

ಪರೀಕ್ಷೆಗಳು ಫೋನಿಗೆ ಬಂದವು. ಪ್ರಶ್ನೆ ನೋಡಿ ಇದ್ದಲ್ಲೇ ಮೂರು ಗಂಟೆ ಬರೆದು, ಹಾಳೆಗಳನ್ನು ಅಂದೇ ಅಂಚೆಗೆ ಹಾಕಬೇಕು. ಕೊನೆಯ ಪೇಪರು ಇತಿಹಾಸ. ಅಧಿಕಾರಿಗಳು ಆ ದಿನ ನಮ್ಮಿಬ್ಬರಿಗೂ ಡ್ಯೂಟಿ ಹಾಕಿರಲಿಲ್ಲ. ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿ ಮೂಲೆಗೊಬ್ಬರಂತೆ ಕೂತು ಬರೆದೆವು. ನನ್ನದು ಬಾಲ್ ಪೆನ್ನು. ಅಣ್ಣನದು ಕೃಷ್ಣಗಿರಿ ಕಾಲೇಜಿನ ಕಾಲದ ಇಂಕ್ ಪೆನ್ನು, ನೀಲಿ ಶಾಯಿ.

ಬರೆದು ಮುಗಿಸಿ ಊಟಕ್ಕೆ ಕೂತಾಗ ಅಣ್ಣ, ನಮ್ಮ ಕೃಷ್ಣಗಿರಿ ಕಡೆಯ ಬಾರಾಮಹಲ್ ಸೀಮೆ ಟಿಪ್ಪುವಿನ ಕೈತಪ್ಪಿದ್ದು ಯಾವ ಒಪ್ಪಂದದಲ್ಲಿ ಎಂಬ ಪ್ರಶ್ನೆಗೆ ಮಂಗಳೂರು ಒಪ್ಪಂದ ಎಂದು ಬರೆದೆ ಎಂದರು. ಶ್ರೀರಂಗಪಟ್ಟಣದ್ದು ಅಣ್ಣಾ, ಕೃಷ್ಣಗಿರಿಯಲ್ಲಿ ಓದಿ ಇದೂ ಗೊತ್ತಿಲ್ಲವಾ ಎಂದು ರೇಗಿಸಿದೆ. ಅವರು ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಕೈ ತೊಳೆದು ಬಂದು ನೋಡುತ್ತೇನೆ, ಹೋಸ್ ಪೈಪು ಒಣಗಿಸುವ ಹಗ್ಗದ ಮೇಲೆ ಅಣ್ಣನ ಹಾಳೆಗಳು ಸಾಲಾಗಿ ತೂಗುತ್ತಿವೆ. ತಿದ್ದುವ ಮೇಷ್ಟ್ರಿಗೆ ನಮ್ಮ ಕೈಯಿಂದ ರೋಗ ಅಂಟದಿರಲಿ ಎಂದು ಎರಡೂ ಕಡೆ ಬ್ಲೀಚಿಂಗ್ ನೀರು ಸಿಂಪಡಿಸಿದ್ದರು! ಶಾಯಿ ನಮ್ಮ ಕಣ್ಣೆದುರೇ ಹಳದಿಯಾಗಿ, ಹಾಗೇ ಇಲ್ಲವಾಯಿತು. ಬಟ್ಟೆಯ ಬಣ್ಣ ಹೋಗುವುದನ್ನು ವರ್ಷವಿಡೀ ನೋಡಿದ ಮನುಷ್ಯನಿಗೆ ಶಾಯಿಯ ಯೋಚನೆ ಬರಲಿಲ್ಲ. ನನಗೆ ಮೊದಲು ನಗು ಬಂತು. ಅವರು ಒಂದೊಂದೇ ಹಾಳೆಯನ್ನು ಬಿಸಿಲಿಗೆ ಹಿಡಿದು ಅಕ್ಷರ ಹುಡುಕತೊಡಗಿದಾಗ ಅದನ್ನು ನುಂಗಿಕೊಂಡೆ.

ಅಂಚೆ ಕಚೇರಿ ಮುಚ್ಚಲು ಇನ್ನೂ ಹೊತ್ತಿತ್ತು. ನಾನೂ ಅರ್ಧ ಬರೆದುಕೊಡುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿ, ನನ್ನ ಬಾಲ್ ಪೆನ್ನು ಇಸಿದುಕೊಂಡು ಕೂತರು. ಒಪ್ಪಂದದ ಪ್ರಶ್ನೆ ಬಂದಾಗ ಪಕ್ಕದಲ್ಲಿ ನಿಂತಿದ್ದೆ. ಮತ್ತೆ ಮಂಗಳೂರು ಎಂದೇ ಬರೆದರು.

"ಅಣ್ಣಾ, ಆಗ್ಲೇ ಹೇಳಿದ್ನಲ್ಲ, ಅದು ತಪ್ಪು."

"ಗೊತ್ತು ಕಣ್ಲಾ. ಬೆಳಗ್ಗೆ ಏನು ಬರ್ದಿದ್ನೋ ಅದೇ ಬರೀಬೇಕು. ಉಂಡಮ್ಯಾಕೆ ತಿಳ್ಕಂಡಿದ್ದು ಪರೀಕ್ಷೆಗೆ ಸೇರಲ್ಲ."

ಯಾರು ನೋಡುತ್ತಿದ್ದರು ಹೇಳಿ? ನನಗೆ ಸಿಟ್ಟು ಬಂತು, ಮೂರು ವರ್ಷದ ಓದು ಮಣ್ಣುಪಾಲಾಗುತ್ತದಲ್ಲ ಎಂದು. ಅವರು ಶಾಯಿ ಹೋದ ಬಿಳಿ ಹಾಳೆಗಳನ್ನೂ ಕವರಿನೊಳಗಿಟ್ಟು, ನಡೆದದ್ದನ್ನು ಒಂದು ಚೀಟಿಯಲ್ಲಿ ಬರೆದು ಸೇರಿಸಿದರು. ನನ್ನ ಬೈಕಿನ ಹಿಂದೆ ಕೂತು ಅಂಚೆಗೆ ಹಾಕಿ ಬಂದರು.

ಫಲಿತಾಂಶ ತಡವಾಯಿತು. ಅಷ್ಟರಲ್ಲಿ ಮಗಳಿಗೆ ಗಂಡು ಗೊತ್ತಾಗಿ ಪತ್ರಿಕೆ ಅಚ್ಚಿಗೆ ಹೋಯಿತು, ಒಂದು ಬದಿ ಕನ್ನಡ, ಇನ್ನೊಂದು ಬದಿ ತಮಿಳು. ಹೇಗೂ ಪಾಸಾಗುತ್ತೀರಿ, ಬಿ.ಎ. ಹಾಕಿಸಿ ಎಂದು ಎಲ್ಲರೂ ಹೇಳಿದೆವು. ಬರಲಿ ತಡೀರಿ ಎಂದರು. ಬೀಗರ ಹೆಸರಿನ ಮುಂದೆ ಎರಡೆರಡು ಡಿಗ್ರಿ, ಅಣ್ಣನ ಹೆಸರು ಬೋಳು.

ಪತ್ರಿಕೆ ಹಂಚುವ ವಾರ ಫಲಿತಾಂಶ ಬಂತು. ನಾನು ಪಾಸು. ಅಣ್ಣನೂ ಇತಿಹಾಸದಲ್ಲಿ ಕೂದಲೆಳೆಯಲ್ಲಿ ಪಾಸು.

ಎರಡು ದಿನ ಬಿಟ್ಟು ಅರಿಶಿನ ಹಚ್ಚಿದ ಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದರು. ಅಷ್ಟೂ ಪತ್ರಿಕೆಗಳಲ್ಲಿ, ಎರಡೂ ಬದಿಯಲ್ಲಿ, ತಮ್ಮ ಹೆಸರಿನ ಮುಂದೆ ನೀಲಿ ಶಾಯಿಯಲ್ಲಿ ಬಿ.ಎ. ಎಂದು ಬರೆದಿದ್ದರು. ನಾನು ನೋಡಿ ನಕ್ಕೆ. ಕವರು ತಿರುಗಿಸಿದಾಗ ನಗು ನಿಂತಿತು. ಅದೇ ಪೆನ್ನಿನಲ್ಲಿ ನನ್ನ ಹೆಸರು, ಅದರ ಮುಂದೆ ಬಿ.ಎ. ನಮ್ಮ ವಂಶದಲ್ಲಿ ಯಾರ ಹೆಸರಿಗೂ ಅದುವರೆಗೆ ಬಾಲ ಇರಲಿಲ್ಲ. ನಾನೇ ಇನ್ನೂ ಎಲ್ಲೂ ಹಾಗೆ ಬರೆದುಕೊಂಡಿರಲಿಲ್ಲ.

ಹೊರಗಿನಿಂದ ಬಂದದ್ದಲ್ಲವೇ ಎಂದು ಹೆಂಡತಿ ರೂಢಿಯಂತೆ ಬ್ಲೀಚಿಂಗ್ ನೀರಿನ ಸ್ಪ್ರೇ ಬಾಟಲಿ ಹಿಡಿದು ಬಂದಳು. ನಾನು ಕವರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.