ಸಾಕು ಎನ್ನುವ ಗುಂಡಿ

ಕಳೆದ ಶುಕ್ರವಾರ ನಿಧಿ ಬೀರುವಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯಿಂದ ಅಜ್ಜನ ಹಳೆಯ ಲ್ಯಾಪ್‌ಟಾಪ್ ಇಳಿಸಿದಳು. ಮುಚ್ಚಳ ತೆರೆದದ್ದೇ ತಡ, ಹುರಿದ ಕಾಫಿಬೀಜದ ಹೊಟ್ಟಿನ ವಾಸನೆ ಕೋಣೆಗೆಲ್ಲ ಹಬ್ಬಿತು. ಹಬ್ಬಿತೋ, ನನ್ನ ಮೂಗಿಗೆ ಮಾತ್ರ ಬಂತೋ, ಹೇಳಲಾರೆ. ಗುಂಡಿಗಳ ಸಂದಿಯಲ್ಲಿ ಕಂದು ಸಿಪ್ಪೆ ಇನ್ನೂ ಸಿಕ್ಕಿಕೊಂಡಿತ್ತು. ಕೆಳಗಿನ ಸಾಲಿನ ಉದ್ದ ಗುಂಡಿಯ ಮೇಲೆ ಒಂದು ಕೆಂಪು ಬೊಟ್ಟು.

"ಅಜ್ಜಿ, ಕೀಬೋರ್ಡಿಗೆ ಯಾಕೆ ಬಿಂದಿ? ಸೋ ಫನ್ನಿ!"

"ಎಂತ ಇಲ್ಲ, ನಿನ್ನ ಅಜ್ಜ ಅಂಟಿಸಿದ್ದು" ಎಂದು ನಾನು ಅಡುಗೆಮನೆಗೆ ಹೋದೆ. ಮಕ್ಕಳೇ, ನಿಮಗೆಲ್ಲ ಗೊತ್ತಿರುವ ವಿಷಯವೇ: ಉತ್ತರ ಹೇಳಲಾಗದಿದ್ದಾಗ ಅಜ್ಜಿ ಪಾತ್ರೆ ತೊಳೆಯುತ್ತಾಳೆ, ತೊಳೆದಿಟ್ಟ ಪಾತ್ರೆಯನ್ನೂ ತೊಳೆಯುತ್ತಾಳೆ. ಬಾಯಿಗಿಂತ ನನಗೆ ಪೆನ್ನೇ ಧೈರ್ಯ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಇದು. ತಪ್ಪಿದ್ದರೆ ನಗಬೇಡಿ, ಅರ್ಥವಾಗದಿದ್ದರೆ ನಿಮ್ಮ ಅಮ್ಮನ ಹತ್ತಿರ ಓದಿಸಿಕೊಳ್ಳಿ.

ನಿಮ್ಮ ಅಜ್ಜ ಈ ಅರಬರ ನಾಡಿಗೆ ಬಂದು, ರುಸ್ತಾಕಿನ ಕೋಟೆಯ ಹತ್ತಿರದ ಪೇಟೆಯಲ್ಲಿ, ಒಂದು ಕಾಫಿ ಅಂಗಡಿಯಲ್ಲಿ ಬೀಜ ಹುರಿಯುವ ಕೆಲಸ ಮಾಡುತ್ತಿದ್ದರು. ನಾನು ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಲ್ಲು, ಹುಳುಕು ಬೀಜ ಆರಿಸುತ್ತಿದ್ದೆ. ಅದಕ್ಕೆಂದು ಊರಿನಿಂದ ಒಂದು ಗೆರಸೆ, ಅಂದರೆ ಬಿದಿರಿನ ಮೊರ, ತಂದಿದ್ದೆ. ವಿಮಾನ ನಿಲ್ದಾಣದ ಪೊಲೀಸಿನವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಬಿಸಿಲಿಗೆ ತಲೆಯ ಮೇಲೆ ಇಟ್ಟುಕೊಳ್ಳುವ ಟೋಪಿ ಎಂದು ತಿಳಿದು ಬಿಟ್ಟುಕೊಟ್ಟ. ನಾನು ಅಲ್ಲವೆನ್ನಲಿಲ್ಲ. ಅಲ್ಲ ಎನ್ನುವುದು, ಸಾಕು ಎನ್ನುವುದು ನನಗೆ ಎಂದೂ ಬಂದದ್ದಲ್ಲ.

ಇಲ್ಲಿಯ ಮನೆಗಳಲ್ಲಿ ಕಾಫಿ ಕೊಡುವ ಕ್ರಮ ನಿಮಗೆ ಗೊತ್ತು. ಪುಟ್ಟ ಲೋಟ ಖಾಲಿಯಾದರೆ ಮತ್ತೆ ತುಂಬಿಸುತ್ತಾರೆ. ಸಾಕಾದರೆ ಲೋಟವನ್ನು ಆಚೀಚೆ ಅಲ್ಲಾಡಿಸಿ ಹಿಂದೆ ಕೊಡಬೇಕು. ನಾನು ಬಂದ ಹೊಸತರಲ್ಲಿ ಅಂಗಡಿಯ ಯಜಮಾನರ ಹೆಂಡತಿ ನನ್ನನ್ನು ಮನೆಗೆ ಕರೆದಿದ್ದರು. ಈ ಯಜಮಾನರನ್ನು ನಾವೆಲ್ಲ ಅರ್ಬಾಬ್ ಎಂದು ಕರೆಯುತ್ತಿದ್ದೆವು. ಲೋಟ ಅಲ್ಲಾಡಿಸುವ ಸಂಗತಿ ನನಗೆ ತಿಳಿಯದು, ಬಾಯಿಬಿಟ್ಟು ಹೇಳಲು ನಾಚಿಕೆ. ಹನ್ನೊಂದು ಲೋಟ ಕುಡಿದೆ. ಮನೆಗೆ ಬಂದು ಎದೆ ಡವಗುಟ್ಟುತ್ತಿದೆ ಎಂದಾಗ ನಿಮ್ಮ ಅಜ್ಜ ನಕ್ಕು ನಕ್ಕು ಗೋಡೆಗೆ ಒರಗಿದರು.

"ಸಾಕು ಅಂತ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ತಿ? ನಿನಗೆ ಒಂದು ಗುಂಡಿ ಮಾಡಿ ಕೊಡ್ಬೇಕು, ಒತ್ತಿದ್ರೆ ಸಾಕು ಅನ್ನುವಂಥದ್ದು."

ತಮಾಷೆಗೆ ಹೇಳಿದ್ದನ್ನು ಎಷ್ಟೋ ವರ್ಷಗಳ ನಂತರ ನಿಜವಾಗಿ ಮಾಡಿದರು.

ಅದು ಹೀಗೆ. ಅಂಗಡಿಗೆ ಹೊಸ ಹುರಿಯುವ ಯಂತ್ರ ಬಂತು. ಅದರ ಗಾಜಿನ ಕಿಂಡಿಗೆ ಒಂದು ಕ್ಯಾಮೆರಾ ಕಟ್ಟಿ, ಬೀಜದ ಬಣ್ಣ ನೋಡಿ ತಾನೇ ಬೆಂಕಿ ಆರಿಸುವ ಪ್ರೋಗ್ರಾಂ ಬರೆಯಬೇಕೆಂದು ಇವರಿಗೆ ಹುಚ್ಚು ಹಿಡಿಯಿತು. ಫೋನಿನಲ್ಲಿ ಪಾಠ ನೋಡಿ ಕಲಿತರು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮೌಸು. ನಮ್ಮ ಊರಿನ ಕಾಫಿಯಂತೆ ಇಲ್ಲಿಯದು ಕಪ್ಪಲ್ಲ. ಬೀಜ ಬೆಲ್ಲದ ಬಣ್ಣಕ್ಕೆ ತಿರುಗಿದೊಡನೆ ಇಳಿಸಬೇಕು, ಅರ್ಧ ನಿಮಿಷ ಹೆಚ್ಚಾದರೂ ಕೆಟ್ಟಿತು. ಬಣ್ಣ ಕ್ಯಾಮೆರಾ ನೋಡುತ್ತದೆ, ಆದರೆ ವಾಸನೆ? ಅದಕ್ಕೆ ಅವರು ನನ್ನ ಮೂಗನ್ನು ನಂಬಿದ್ದರು. ಊರಿನಲ್ಲಿ ಮೆಂತೆ ಹುರಿಯುವಾಗ ಅದು ಕಹಿಗೆ ತಿರುಗುವ ಮೊದಲೇ ನನಗೆ ಬಾವಿಕಟ್ಟೆಯಲ್ಲಿದ್ದರೂ ಗೊತ್ತಾಗುತ್ತಿತ್ತು. ಒಂದು ದಿನ ನನ್ನ ಬೊಟ್ಟಿನ ಹಾಳೆಯಿಂದ ಒಂದನ್ನು ಕಿತ್ತು ಆ ಉದ್ದ ಗುಂಡಿಗೆ ಅಂಟಿಸಿದರು.

"ನೋಡು, ನೀನು ಬಾಯಿ ಬಿಡುವುದು ಬೇಡ. ವಾಸನೆ ತಿರುಗಿತು ಅಂತ ಅನ್ನಿಸಿದ ಕೂಡ್ಲೆ ಇದನ್ನು ಒತ್ತು. ಕ್ಯಾಮೆರಾ ಎಂತ ಬೇಕಾದ್ರೂ ಹೇಳ್ಲಿ, ಮಷೀನು ನಿನ್ನ ಮಾತೇ ಕೇಳ್ತದೆ."

"ನಿಮಗಿಂತ ಮಷೀನೇ ಒಳ್ಳೆಯದು ಹಾಗಾದ್ರೆ" ಎಂದೆ. ಅವರೊಬ್ಬರ ಎದುರು ಮಾತ್ರ ನನಗೆ ಬಾಯಿ ಇತ್ತು.

ಮೊದಮೊದಲು ದಿನಕ್ಕೆ ನಾಲ್ಕೈದು ಸಲ ಒತ್ತುತ್ತಿದ್ದೆ. ಪ್ರತಿ ಸಲವೂ ಅವರು ಏನೋ ಬರೆದುಕೊಂಡು ಪ್ರೋಗ್ರಾಂ ತಿದ್ದುತ್ತಿದ್ದರು. ಬರಬರುತ್ತ ಒತ್ತುವ ಅಗತ್ಯ ಕಡಿಮೆಯಾಯಿತು. ಅದು ನನ್ನ ಮೂಗನ್ನು ಕಲಿಯುತ್ತಿದೆ ಎಂದು ಮಗುವಿನ ಬಗ್ಗೆ ಹೇಳುವಂತೆ ಹೇಳುತ್ತಿದ್ದರು. ಅರ್ಬಾಬರಿಗೂ ಖುಷಿಯಾಗಿ, ಬುರೈಮಿಯಲ್ಲಿ ಕಾಫಿ ಅಂಗಡಿ ಇಟ್ಟಿದ್ದ ಮೂವರು ಸ್ನೇಹಿತರನ್ನು ನೋಡಲು ಕರೆದರು. ಅವರು ಒಪ್ಪಿದರೆ ಅವರ ಅಂಗಡಿಗಳಲ್ಲೂ ಈ ಪ್ರೋಗ್ರಾಂ ಓಡುತ್ತಿತ್ತು. ಜೀವಮಾನವಿಡೀ ಹುರಿಯುವವರಾಗಿದ್ದ ನಿಮ್ಮ ಅಜ್ಜ ಹುರಿಯುವ ವಿದ್ಯೆಯನ್ನೇ ಮಾಡಿಕೊಟ್ಟವರಾಗುತ್ತಿದ್ದರು. ಆ ದಿನಕ್ಕೆಂದು ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅತಿಥಿಗಳಿಗೆಂದು ಅರ್ಬಾಬರು ಅಂಗಡಿಗೆ ಸುಣ್ಣ ಹೊಡೆಸಿ, ಹಳೆಯ ಹಳದಿ ಬಲ್ಬು ತೆಗೆಸಿ, ಹೊಸ ಬಿಳಿ ದೀಪ ಹಾಕಿಸಿದ್ದರು.

"ನೀನು ಯಾವಾಗಿನ ಹಾಗೆ ಇಲ್ಲೇ ಕೂತ್ಕೊ" ಎಂದು ಲ್ಯಾಪ್‌ಟಾಪಿನ ಪಕ್ಕದ ಸ್ಟೂಲು ತೋರಿಸಿದರು.

"ಅಷ್ಟು ಗಂಡಸರ ಎದುರು ನಾನೆಂತಕ್ಕೆ? ಈಗ ಅದಕ್ಕೇ ಎಲ್ಲ ಬರ್ತದಲ್ಲ."

ಗೆರಸೆ ಹಿಡಿದು ಗೋಣಿಗಳ ಹಿಂದೆ ಸರಿದು ಕೂತೆ. ಅಲ್ಲಿಂದ ಸ್ಟೂಲಿಗೆ ಹತ್ತು ಹೆಜ್ಜೆ. ಆಮೇಲೆ ಎಷ್ಟೋ ಸಲ ಅಳೆದಿದ್ದೇನೆ, ಹತ್ತೇ.

ಬೀಜ ಚಟಪಟ ಎಂದಿತು. ಅತಿಥಿಗಳು ತಲೆದೂಗಿದರು. ಒಡನೆಯೇ ವಾಸನೆ ತಿರುಗಿತು, ಮೆಂತೆ ಕಹಿಯಾಗುವ ಮೊದಲಿನ ಆ ಎಳೆಯೇ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದೆ. ಯಂತ್ರ ತಿರುಗುತ್ತಲೇ ಇತ್ತು. ಆಗ ಇವರು ಗೋಣಿಗಳ ಕಡೆ ತಿರುಗಿ ನನ್ನನ್ನೇ ನೋಡಿದರು. ಕೇಳುವ ನೋಟ. ಎದ್ದು ಹೋಗಿ ಒತ್ತಿದರೆ ಗಂಡನ ಲೆಕ್ಕ ತಪ್ಪೆಂದು ಹೆಂಡತಿಯೇ ಎಲ್ಲರೆದುರು ತೋರಿಸಿದಂತೆ ಆಗುವುದಿಲ್ಲವೇ? ಹೀಗೆಲ್ಲ ಯೋಚಿಸಿದೆನೋ, ಈಗ ಹೊಂದಿಸಿಕೊಳ್ಳುತ್ತಿದ್ದೇನೋ. ನಿಜ ಇಷ್ಟೇ: ನಾನು ತಲೆ ತಗ್ಗಿಸಿ ಗೆರಸೆ ನೋಡಿದೆ. ಅವರು ಎಲ್ಲ ಸರಿಯಿದೆ ಎಂದುಕೊಂಡು ಅತಿಥಿಗಳ ಕಡೆ ತಿರುಗಿದರು.

ತಟ್ಟೆಗೆ ಬಿದ್ದ ಬೀಜ ಕಪ್ಪಗಿತ್ತು. ಹೊಗೆಗೆ ಒಬ್ಬರು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ಅರ್ಬಾಬರು ಒಳ್ಳೆಯವರು, ಬೈಯಲಿಲ್ಲ. ಇವರ ಬೆನ್ನು ತಟ್ಟಿ, "ಖಲಾಸ್, ಭಾಯಿ. ಮಷೀನ್ ಛೋಡೋ, ತುಮ್ಹಾರಾ ಹಾಥ್ ಅಚ್ಛಾ ಹೈ" ಎಂದರು. ಮುಗಿಯಿತು, ಯಂತ್ರ ಬಿಡು, ನಿನ್ನ ಕೈಯೇ ಒಳ್ಳೆಯದು ಎಂದು ಹೊಗಳಿಕೆಯೇ ಅದು. ಆದರೆ ಬಿಳಿ ಅಂಗಿಯೊಳಗೆ ನಿಮ್ಮ ಅಜ್ಜ ಕುಗ್ಗಿದ್ದು ನನಗೆ ಕಾಣುತ್ತಿತ್ತು.

ಮನೆಗೆ ಬಂದ ಮೇಲೆ ಒಂದೇ ಒಂದು ಸಲ ಕೇಳಿದರು, "ನಿನಗೆ ವಾಸನೆ ಬರ್ಲಿಲ್ವಾ?"

"ಇಲ್ಲ. ಶೀತ ಆಗಿದೆ."

"ಹೌದಾ? ಮೊದ್ಲೇ ಹೇಳ್ಬಾರ್ದಿತ್ತಾ?" ಎಂದು ತಾವೇ ಎದ್ದು ಕಾಳುಮೆಣಸು, ಶುಂಠಿ ಜಜ್ಜಿ ಕಷಾಯ ಮಾಡಿ ತಂದರು. ಇಲ್ಲದ ಶೀತಕ್ಕೆ ನಾನು ಆ ಕಷಾಯ ಪೂರ್ತಿ ಕುಡಿದೆ. ಅಷ್ಟು ಖಾರವಾದದ್ದನ್ನು ಮತ್ತೆ ಕುಡಿದಿಲ್ಲ.

ಒಂದು ತಿಂಗಳು ಪ್ರೋಗ್ರಾಂ ಕೆದಕಿ ಕೆದಕಿ ತಪ್ಪು ಹುಡುಕಿದರು. ತಪ್ಪು ಹೊಸ ದೀಪದ್ದು. ಬಿಳಿ ಬೆಳಕಿನಲ್ಲಿ ಕ್ಯಾಮೆರಾಕ್ಕೆ ಬೀಜ ಇನ್ನೂ ಹಸಿಯಂತೆ ಕಂಡಿತ್ತು. ಆದರೆ ಬುರೈಮಿಯವರು ಮತ್ತೆ ಬರಲಿಲ್ಲ. ಲ್ಯಾಪ್‌ಟಾಪ್ ಪೆಟ್ಟಿಗೆ ಸೇರಿತು. ಇವರು ಸೌಟು ಹಿಡಿದು ಇನ್ನೂ ಆರು ವರ್ಷ ಹುರಿದರು, ಆಮೇಲೆ ಹೋಗಿಬಿಟ್ಟರು. ನಿಜ ಹೇಳಲು ಆರು ವರ್ಷ ಇತ್ತು ನನಗೆ. ನಾಳೆ, ನಾಳೆ ಎಂದೆ. ಬೊಟ್ಟು ಈಗ ನನ್ನ ಹಣೆಯಲ್ಲಿಲ್ಲ, ಆ ಗುಂಡಿಯ ಮೇಲಿದೆ.

ಶುಕ್ರವಾರ ನಾನು ಪಾತ್ರೆ ತೊಳೆಯುತ್ತಿದ್ದಾಗ ನಿಧಿ ಎಲ್ಲಿಂದಲೋ ಚಾರ್ಜರ್ ಹುಡುಕಿ ಅದನ್ನು ಎಬ್ಬಿಸಿದ್ದಳು. ಪ್ರತಿ ಹುರಿತಕ್ಕೂ ಅವರು ಒಂದು ಟಿಪ್ಪಣಿ ಬರೆದಿಟ್ಟಿದ್ದರಂತೆ. ನನಗೆ ಓದಲು ಬರಲೆಂದು ಕನ್ನಡದಲ್ಲಿ.

"ಅಜ್ಜಿ, ಕೇಳಿ. ಇಲ್ಲಿ... ಅ-ವ-ಳಿ-ಗೆ... ಅವಳಿಗೆ ಶೀತ ಇತ್ತು. ಅವಳ ತಪ್ಪಲ್ಲ. ನಾನು ಅವಳನ್ನೇ ನಂಬಿ ಕೂತದ್ದು ತಪ್ಪು. ಹೂ ಈಸ್ ಅವಳು, ಅಜ್ಜಿ?"

ಸಾಬೂನು ಕೈ ಸೆರಗಿಗೆ ಒರೆಸುತ್ತ ಬಂದು ಅವಳ ಪಕ್ಕ ಕೂತೆ. ನನ್ನನ್ನು ಬಿಡಿಸಿ, ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡು ಹೋಗಿದ್ದರು.

"ಇದರ ಕೆಳಗೆ ಬರೀಲಿಕ್ಕೆ ಆಗ್ತದಾ?" ಎಂದೆ.

ನಿಧಿ ಒಂದೊಂದೇ ಅಕ್ಷರ ತೋರಿಸಿದಳು, ನಾನು ಒಂದೇ ಬೆರಳಲ್ಲಿ ಒತ್ತಿದೆ. ಎರಡು ಪದಗಳ ನಡುವೆ ಜಾಗ ಬಿಡಲು ಬೊಟ್ಟಿರುವ ಗುಂಡಿಯನ್ನೇ ಒತ್ತಬೇಕಂತೆ. ಪ್ರತಿ ಪದಕ್ಕೂ ಅದನ್ನು ಒತ್ತುತ್ತ ಬರೆದೆ: ಅವಳಿಗೆ ಶೀತ ಇರಲಿಲ್ಲ. ವಾಸನೆ ಬಂದಿತ್ತು.

"ಸೇವ್ ಮಾಡ್ಲಾ ಅಜ್ಜಿ?"

"ಮಾಡು!"

ನನಗೇ ಗೊತ್ತಿಲ್ಲದಷ್ಟು ದೊಡ್ಡ ದನಿ ಬಂದಿರಬೇಕು. ಹೊರಗಿನ ಕೋಣೆಯಲ್ಲಿ ಟಿವಿ ನೋಡುತ್ತಿದ್ದ ನಿಮ್ಮ ಅಪ್ಪ ಓಡಿ ಬಂದು ಬಾಗಿಲಲ್ಲಿ ನಿಂತರು. "ಎಂತ ಆಯ್ತು ಅತ್ತೆ?"

ಎಂತ ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅದನ್ನು ನುಂಗಿ, "ಬನ್ನಿ, ಕೂತ್ಕೊಳ್ಳಿ" ಎಂದೆ. "ನಿಮ್ಮ ಮಾವನ ಒಂದು ವಿಷಯ ಹೇಳ್ಲಿಕ್ಕುಂಟು."