ಉಣುಗು ಹೆಕ್ಕುವ ಬಸಣ್ಣ

ಬಸವಣ್ಯಪ್ಪನವರು ಕಾಡಿನಲ್ಲಿ ನಡೆಯುವುದನ್ನು ದೂರದಿಂದ ಕಂಡವರು ಅವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಕೋಲಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ತರಗೆಲೆಗಳ ಮೇಲೆ ಎಳೆದುಕೊಂಡು ಹತ್ತು ಹೆಜ್ಜೆ ಹಾಕುವರು. ನಿಂತು, ಬಟ್ಟೆ ಮಗುಚಿ, ಉಸಿರು ಬಿಗಿಹಿಡಿದು ಅದರ ಮೇಲೆ ಬಗ್ಗುವರು. ಬಟ್ಟೆಗೆ ಹತ್ತಿದ ಉಣುಗುಗಳನ್ನು, ಅಂದರೆ ರಕ್ತ ಹೀರುವ ಉಣ್ಣೆಗಳನ್ನು, ಚಿಮಟದಿಂದ ಹೆಕ್ಕಿ ಸೀಸೆಗೆ ಹಾಕುವುದು ಅವರ ಕೆಲಸ. ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಚಂದ್ರಗುತ್ತಿ ಕಡೆಯ ಕಾಡಿನಲ್ಲಿ ಅವು ಎಲ್ಲೆಲ್ಲಿ ಎಷ್ಟಿವೆ ಎಂದು ಎಣಿಸುವುದು ನನ್ನ ಕೆಲಸ. ನಾಲ್ಕು ವರ್ಷ ಜೊತೆಗೆ ದುಡಿದೆವು. ನಾನು ಅವರನ್ನು ಬಸಣ್ಣ ಎನ್ನುತ್ತಿದ್ದೆ. ಅವರಿಗೆ ನಾನು ತಂಗಿ.

ಸಾಸಿವೆಗಿಂತ ಸಣ್ಣ ಮರಿ ಉಣುಗೂ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. "ಇದು ನಮ್ಮ ಬೀಗರಿದ್ದಂಗ ತಂಗೀ. ಬಂದಿದ್ದೂ ಗೊತ್ತಾಗಂಗಿಲ್ಲ, ಎದ್ದು ಹೋಗಂಗೂ ಇಲ್ಲ" ಎಂದು ಶಿಕಾರಿಪುರದ ಕಡೆಯ ತಮ್ಮ ಮಾತಿನಲ್ಲಿ ನಗಿಸುವರು.

ಕಾಡಿಗೆ ಹೋಗುವ ಮೊದಲು, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯಿಂದ ಎಣ್ಣೆ ಬರುತ್ತದೆ. ಅದನ್ನು ಮನೆಮನೆಗೆ ಹಂಚುವಾಗ ಬಸಣ್ಣ ಹೆಂಗಸರನ್ನು ಗದರುತ್ತಿದ್ದರು: "ಬಾಟ್ಲಿ ಗೂಡಿನ್ಯಾಗ ಇಟ್ಟು ಪೂಜಿ ಮಾಡಬ್ಯಾಡ್ರವ್ವ, ಕಾಲಿಗೆ ಹಚ್ಕೊಳ್ರಿ." ತಾವು ಮಾತ್ರ ಹಚ್ಚಿಕೊಳ್ಳುತ್ತಿರಲಿಲ್ಲ. ಕೇಳಿದರೆ, "ನಾ ಹಚ್ಕೊಂಡ್ರೆ ವಾಸನಿ ಬಟ್ಟಿಗೂ ಹತ್ತತೈತಿ. ಒಂದು ಉಣುಗೂ ಬರಂಗಿಲ್ಲ. ಆಮ್ಯಾಲೆ ಈ ಕಾಡು ಚೊಕ್ಕ ಐತಿ ಅಂತ ನೀ ಬರೀತಿ. ಅದನ್ನ ನಂಬಿ ಯಾರಾರ ಕಟ್ಟಿಗಿಗೆ ಬಂದ್ರೆ?" ಎನ್ನುವರು. ಅವರು ಎಣ್ಣೆ ಹಚ್ಚಿಕೊಳ್ಳುತ್ತಿಲ್ಲವೆಂದು ಮೇಲಿನವರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಕಳೆದ ವರ್ಷ ಚಳಿ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಅವರು ಬಗ್ಗಿದಾಗ ಅಂಗಿ ಮೇಲೆ ಸರಿದು, ಸೊಂಟದ ಪಕ್ಕದಲ್ಲಿ ದಪ್ಪಗೆ ಮೆತ್ತಿದ ಕೆಮ್ಮಣ್ಣು ಕಂಡಿತು. "ಸರ್ಪಸುತ್ತು" ಎಂದರು. "ಎರಡು ದಿನದಿಂದ ಮೈ ಬಿಸಿ. ನಮ್ಮಾಕಿ ಹಚ್ಯಾಳ."

ಸಂಜೆ ಸೊರಬದ ಅವರ ಬಾಡಿಗೆ ಮನೆಗೆ ಹೋದೆ. ಅವರ ಹೆಂಡತಿ ಗಂಗಮ್ಮ ನನ್ನನ್ನು ಹಿತ್ತಲಿಗೆ ಕರೆದರು. ಸುತ್ತಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಮ್ಮಲ್ಲಿ ನಂಬುತ್ತಾರೆ. "ಕೂಡೇ ಬಿಟ್ಟೈತವ್ವಾ" ಎಂದರು ಪಿಸುದನಿಯಲ್ಲಿ. "ಪೂರಾ ಉಂಗುರ. ಅವ್ರಿಗೆ ಹೇಳಿಲ್ಲ. ಕನ್ನಡಿಯಾಗ ನೋಡ್ಕೊಂತಾರ ಅಂತ, ಮಣ್ಣು ಹಚ್ಚುವಾಗ ಎಲ್ಲಾ ಮುಚ್ಚಿ, ಮ್ಯಾಲೆ ತಲಿ ಬಾಲ ಕೂಡದ ಸುತ್ತು ಬರ್ದೀನಿ."

ಮರುದಿನ ನಾನು ಅವರನ್ನು ಕರೆದೊಯ್ದ ಆಸ್ಪತ್ರೆಯಲ್ಲಿ ಡಾಕ್ಟರು ಒದ್ದೆ ಹತ್ತಿಯಿಂದ ಆ ಮಣ್ಣನ್ನು ಒರೆಸಿದರು. ಕೆಳಗೆ ಗುಳ್ಳೆಗಳಿರಲಿಲ್ಲ. ಅಂಗೈಯಗಲದ ಕೆಂಪು ಉಂಗುರ, ಒಳಗೆ ಬಿಳಿಚಿದ ಚರ್ಮ, ನಡುವೆ ಕಚ್ಚಿದ ಗುರುತು.

"ಇದು ಸರ್ಪಸುತ್ತು ಅಲ್ಲ. ಉಣುಗು ಕಚ್ಚಿ ಬರೋ ಇನ್ನೊಂದು ರೋಗ ಇರ್ಬಹುದು, ಲೈಮ್ ಅಂತಾರೆ. ನಮ್ಮ ಕಡೆ ಅಪರೂಪ. ಇಷ್ಟು ಬೇಗ ರಕ್ತದಲ್ಲಿ ಕಾಣದೇನೂ ಇರ್ಬಹುದು. ಕಾಯೋದು ಬೇಡ, ಇವತ್ತೇ ಮಾತ್ರೆ ಶುರು ಮಾಡಣ" ಎಂದರು.

"ಮಂಗನ ಕಾಯ್ಲಿ ಅಲ್ಲಲ್ರೀ? ಹಂಗಾರೆ ಬದುಕಿದೆ ಬಿಡ್ರಿ" ಎಂದು ಬಸಣ್ಣ ನಕ್ಕರು.

ಡಾಕ್ಸಿಸೈಕ್ಲಿನ್, ದಿನಕ್ಕೆ ಎರಡು. ಒಂದೂ ತಪ್ಪಿಸಲಿಲ್ಲ, ಖಾಲಿಯಾದ ಮಾತ್ರೆ ಪಟ್ಟಿಗಳನ್ನು ನಾನೇ ನೋಡಿದ್ದೇನೆ. ಜ್ವರ ಬಿಟ್ಟಿತು. ಹತ್ತು ಹನ್ನೆರಡು ದಿನದಲ್ಲಿ ಉಂಗುರ ಮಾಸಿತು. ಗಂಗಮ್ಮ ನನ್ನನ್ನು ಕರೆದು ಹೋಳಿಗೆ ಬಡಿಸಿದರು.

ಎರಡು ತಿಂಗಳಿಗೆ ಅವರ ಹತ್ತು ಹೆಜ್ಜೆ ನಾಲ್ಕಾದವು. ಮೊಣಕಾಲು, ಮಣಿಕಟ್ಟು ನೋವು ಎನ್ನುತ್ತಿದ್ದರು. ರಾತ್ರಿಯಿಡೀ ಮಲಗಿದರೂ ಮಲಗದವರಂತೆ ಏಳುತ್ತಿದ್ದರು. ಮಾತಿನ ನಡುವೆ ಪದ ಸಿಗದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಜೀಪಿನ ಡ್ರೈವರ್ ಒಮ್ಮೆ, "ಎಂತದು ಬಸಣ್ಣ, ಸುತ್ತು ಮಾಯ್ತು, ಸೋಗು ಮಾಯ್ಲಿಲ್ವಾ?" ಎಂದ. ಅವರು ನಗಲಿಲ್ಲ.

ಒಂದು ದಿನ ಬಟ್ಟೆ ಮಗುಚಿ ಬಹಳ ಹೊತ್ತು ನೋಡಿ, "ಏನೂ ಇಲ್ಲ ತಂಗೀ" ಎಂದರು. ಅವರ ಬೆರಳಿನ ಪಕ್ಕದಲ್ಲೇ ನಾಲ್ಕು ಹರಿದಾಡುತ್ತಿದ್ದವು. ನಾನು ಚಿಮಟ ತೆಗೆದುಕೊಂಡು ಹೆಕ್ಕಿದೆ. ಹೆಕ್ಕುವುದನ್ನು ಅವರು ನೋಡಿದರು.

ಮತ್ತೆ ಮಾತ್ರೆ ಬೇಕೆಂದು ಡಾಕ್ಟರ ಬಳಿ ಹಟ ಹಿಡಿದರು. ಡಾಕ್ಟರು ಬೇರೆ ಕಾಯಿಲೆಗಳಿಗೂ ಪರೀಕ್ಷೆ ಮಾಡಿಸಿದರು, ಏನೂ ಸಿಗಲಿಲ್ಲ. "ಮೊದಲೇ ಹಿಡಿದಿದೀವಿ, ಪೂರ್ತಿ ಮಾತ್ರೆ ತಗೊಂಡಿದೀರಿ. ಕೆಲವರಿಗೆ ಆಮೇಲೂ ಸುಸ್ತು, ನೋವು ತಿಂಗಳುಗಟ್ಟಲೆ ಇರ್ತದೆ. ಯಾಕೆ ಅಂತ ಸರಿಯಾಗಿ ಗೊತ್ತಿಲ್ಲ. ಅದೇ ಮಾತ್ರೆ ಮತ್ತೆ ತಿಂದ್ರೆ ಉಪಯೋಗ ಇಲ್ಲ, ತೊಂದರೆನೇ. ನನಗೆ ಗೊತ್ತಿರೋ ಮಟ್ಟಿಗೆ ಒಳಗೆ ಏನೂ ಉಳಿದಿಲ್ಲ" ಎಂದರು.

ಹೊರಗೆ ಬಂದು ಬಸಣ್ಣ ಕೇಳಿದರು: "ಅವ್ರಿಗೆ ಗೊತ್ತಿರೋ ಮಟ್ಟ ಎಷ್ಟು ತಂಗೀ?"

ಆಮೇಲೆ ಜೀಪಿನಲ್ಲಿ ಕೂತಾಗಲೂ ತಮ್ಮ ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಹುಡುಕಿ ತಡವಿಕೊಳ್ಳುತ್ತಿದ್ದರು. ದೀಪಾವಳಿಗೆ ಮುಂಚೆ ಕೆಲಸ ಬಿಟ್ಟರು.

ಈಸೂರಿನ ಹತ್ತಿರದ ತಮ್ಮ ಊರಿಗೆ ಹೊರಟ ದಿನ ಸೊರಬದ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಗಂಗಮ್ಮ ಸೀಟು ಹಿಡಿಯಲು ಮೊದಲೇ ಹತ್ತಿದ್ದರು. ಬಸಣ್ಣ ಬಾಗಿಲ ಕಂಬಿ ಹಿಡಿದು ನಿಂತು, "ತಂಗೀ, ಒಳಗೆ ಏನೂ ಉಳಿದಿಲ್ಲ ಅಂತ ಒಂದು ಮಾತು ಹೇಳು. ಡಾಕ್ಟ್ರು ಬ್ಯಾಡ. ನೀ ಹೇಳಿದ್ರೆ ನಂಬತೀನಿ" ಎಂದರು.

ಡಾಕ್ಟರು ಹೇಳಿದ್ದನ್ನೇ ಹೇಳಬಹುದಿತ್ತು. ಅದು ಸುಳ್ಳಾಗುತ್ತಿರಲಿಲ್ಲ. ಆದರೆ ನೋಡದ ಕಾಡನ್ನು ಚೊಕ್ಕ ಎಂದು ಬರೆದಂತಾಗುತ್ತಿತ್ತು. ನಾನು, "ಊರಿಗೆ ಮುಟ್ಟಿದ ಮೇಲೆ ಫೋನ್ ಮಾಡಿ ಬಸಣ್ಣ" ಎಂದೆ.

ಉತ್ತರ ಸಿಕ್ಕಿತೆಂಬಂತೆ ತಲೆಯಾಡಿಸಿದರು. ಕಂಡಕ್ಟರ್ ರಟ್ಟೆ ಹಿಡಿದು ಅವರನ್ನು ಮೇಲೆತ್ತಿಕೊಂಡ.

ಅವರು ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ.